ಹಮೀದಾಬಿಯ ಎಡಗೈ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬುವವಳಲ್ಲ. ಜೀವಮಾನವೆಲ್ಲ ಹೆಣ್ಣುಮಕ್ಕಳಿಗೆ ವಿಜ್ಞಾನದ ಪಾಠ ಹೇಳಿದವಳು. ಹುಣಸೆಮರದಲ್ಲಿ ಮೋಹಿನಿ ಇದ್ದಾಳೆ ಎಂದು ಕಿರುಚಿದ ಹುಡುಗಿಯರನ್ನು ಅದೇ ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದ್ದೇನೆ. ಇಂಥ ನಾನು ಕಥೆ ಕಟ್ಟಿ ಯಾರನ್ನೂ ಹೆದರಿಸಬೇಕಾಗಿಲ್ಲ. ಶಿರಾದಲ್ಲಿ ಆ ಒಂದು ರಾತ್ರಿ ನಡೆದದ್ದು ನಡೆದೇ ಇದೆ, ನನ್ನ ಈ ಕೈಗೇ ನಡೆದಿದೆ. ಅದನ್ನು ಸುಳ್ಳು ಅನ್ನೋಣ ಎಂದು ಎಷ್ಟೋ ಸಲ ಪ್ರಯತ್ನಪಟ್ಟೆ... ಆಗಲಿಲ್ಲ.

ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಗಂಡ ವಿಷಮಶೀತಜ್ವರದಲ್ಲಿ ತೀರಿಕೊಂಡಿದ್ದರು. ಮಧುಗಿರಿಯ ತವರುಮನೆಯಲ್ಲಿ ಕೂತು ಎಲ್ಲರ ಮುಖ ನೋಡುವುದಕ್ಕಿಂತ ಕೆಲಸ ಮಾಡುವುದು ಮೇಲೆಂದು ಶಿರಾದ ಹೆಣ್ಣುಮಕ್ಕಳ ಶಾಲೆಗೆ ಸೇರಿಕೊಂಡೆ. ಆಗ ನನಗೆ ಇಪ್ಪತ್ತೆರಡು ವರ್ಷ. ಅಳು ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ಊಟಕ್ಕೆ ಉಪ್ಪಿದೆಯೋ ಇಲ್ಲವೋ ಅದೂ ತಿಳಿಯುತ್ತಿರಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು.

ಬಾಡಿಗೆಗೆ ಸಿಕ್ಕಿದ್ದು ಬಳೆಗಾರ್ತಿ ಹಮೀದಾಬಿಯ ಮನೆಯ ಮುಂದಿನ ಕೋಣೆ. ವಿಧವೆ ಹೋಗಿ ಬಳೆ ಮಾರುವವರ ಮನೆಯಲ್ಲಿ ಬಿಡಾರ ಹೂಡಿದ್ದಾಳೆ ಎಂದು ಊರಿನವರು ನಕ್ಕಿರಬೇಕು. ನನಗೆ ಅದೂ ತಟ್ಟಲಿಲ್ಲ.

ಹಮೀದಾಬಿಗೆ ಎಪ್ಪತ್ತರ ಮೇಲೆ ವಯಸ್ಸು. ಸುತ್ತಿನ ಹಳ್ಳಿಗಳ ಹೆಂಗಸರಿಗೆಲ್ಲ ಆಕೆ ಬೂಬಮ್ಮ. ಮಗ ಬಾಷಾ ಬಳೆಯ ಮಲಾರ ಹೆಗಲಿಗೇರಿಸಿ ಪಾವಗಡದ ಕಡೆ ಹಳ್ಳಿ ತಿರುಗುತ್ತಿದ್ದ. ಮಲಾರವೆಂದರೆ ದಾರಕ್ಕೆ ಪೋಣಿಸಿದ ಬಳೆಗಳ ದೊಡ್ಡ ಗೊಂಚಲು. ಬೂಬಮ್ಮ ಮಾತ್ರ ಮನೆಯ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಬಂದ ಹೆಂಗಸಿನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗೆಣ್ಣುಗಳನ್ನು ಹಿಟ್ಟು ನಾದುವ ಹಾಗೆ ಮೆತ್ತಗೆ ಹಿಸುಕುತ್ತಿದ್ದಳು. ಬಲಗೈ ಬಳೆ ತಳ್ಳುತ್ತಿತ್ತು. "ಬಳೆ ತೊಡಿಸೋದು ಎಡಗೈ ಕಣಮ್ಮ. ಬಲಗೈ ಬರೀ ಕೂಲಿ ಆಳು" ಎನ್ನುತ್ತಿದ್ದಳು.

ಆ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತು. ಒಂದು ಕೈಗೆ ತೊಡಿಸಿದರೆ ಇನ್ನೊಂದು ಕೈ ಮುಗಿಸದೆ ಬಳೆಗಾರರು ಏಳಬಾರದು. ಹಾಗೆ ಅರ್ಧಕ್ಕೆ ನಿಂತ ಕೈಯನ್ನು ಬೇರೆ ಬಳೆಗಾರರು ಮುಟ್ಟುವುದಿಲ್ಲ, ಶುರುಮಾಡಿದ ಮನೆಯವರೇ ಮುಗಿಸಬೇಕು. ಅದರಲ್ಲೂ ಬಸುರಿಯ ಕೈಯಾದರೆ ಕೇಳುವುದೇ ಬೇಡ.

ನನ್ನ ಬೋಳು ಕೈ ಕಂಡಾಗಲೆಲ್ಲ ಆಕೆಯ ಕಣ್ಣು ಅಲ್ಲೇ ನಿಲ್ಲುತ್ತಿತ್ತು. "ಮೇಷ್ಟ್ರಮ್ಮ, ನಿಂದು ಎರಡೂವರೆ ಅಳತೆ. ಮುಟ್ದೇನೇ ಹೇಳ್ತೀನಿ ನೋಡು" ಎಂದು ಛೇಡಿಸುತ್ತಿದ್ದಳು. ನಾನು ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಿದ್ದೆ.

ಅದು ಸಂತೆಯ ದಿನ. ಕಳ್ಳಂಬೆಳ್ಳದಿಂದ ಲಕ್ಕಮ್ಮ ಎಂಬ ಹುಡುಗಿ ಅತ್ತೆಯ ಜೊತೆ ಗಾಡಿಯಲ್ಲಿ ಬಂದಿದ್ದಳು. ಚೊಚ್ಚಲ ಬಸುರಿ, ಏಳು ತುಂಬಿತ್ತು. ಬಸುರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ ಬೂಬಮ್ಮನ ಕೈಯಲ್ಲೇ ಆಗಬೇಕೆಂದು ಅತ್ತೆಯ ಹಟ. ಲಕ್ಕಮ್ಮನ ಕೈ ಸಣ್ಣ ಮಗುವಿನ ಕೈಯಷ್ಟೇ ಇತ್ತು. ಬೂಬಮ್ಮ ಅತಿ ಚಿಕ್ಕ ಅಳತೆಯ ಬಳೆ ತೆಗೆದು ಬಲಗೈ ತುಂಬ ತೊಡಿಸಿದಳು. ನಾನು ಬಾಗಿಲಲ್ಲಿ ಕೂತು ಮಕ್ಕಳ ಹೋಂವರ್ಕು ತಿದ್ದುತ್ತಿದ್ದೆ.

ಎಡಗೈ ಹಿಡಿದುಕೊಂಡಳು. ಮೊದಲ ಬಳೆ ಗೆಣ್ಣಿನ ತನಕ ಬಂತು...

ಚಟ್ಟೆಂದು ಬಳೆ ಒಡೆದ ಸದ್ದು. ತಲೆಯೆತ್ತಿ ನೋಡಿದೆ. ಬೂಬಮ್ಮ ಎಡಗಡೆಗೆ ವಾಲುತ್ತಿದ್ದಳು, ನಿಧಾನವಾಗಿ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. "ತಲೆ... ತಲೆ ಸಿಡೀತೈತೆ" ಎಂದಳು, ವಾಂತಿ ಮಾಡಿಕೊಂಡಳು, ಗೋಡೆಗೆ ಒರಗಿಬಿಟ್ಟಳು.

ಲಕ್ಕಮ್ಮನ ಬೆರಳ ಮೇಲೆ ಒಂದು ಹನಿ ರಕ್ತ ಇತ್ತು. ಬಲಗೈ ತುಂಬ ಹಸಿರು, ಎಡಗೈ ಬೋಳು. ಅವಳು ತನ್ನ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

"ಇಂಗೆ ಅರ್ಧಕ್ಕೆ ಬುಟ್ರೆ ಹೊಟ್ಟೆಲಿರೋ ಕೂಸಿನ ಗತಿ ಏನು ಕಣಮ್ಮ?" ಎಂದು ಅವಳ ಅತ್ತೆ ನನ್ನನ್ನು ಕೇಳಿದಳು. ಬಾಷಾ ಬಂದ ತಕ್ಷಣ ಕಳ್ಳಂಬೆಳ್ಳಕ್ಕೇ ಬಂದು ಮುಗಿಸುತ್ತಾನೆ ಎಂದು ಹೇಳಿ ಅವರನ್ನು ಗಾಡಿ ಹತ್ತಿಸಿದೆ. ಪಾವಗಡಕ್ಕೆ ಹೋಗುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಬಾಷಾನಿಗೆ ಸುದ್ದಿ ಕಳಿಸಿದೆ. ಅವನ ಹೆಂಡತಿ ಬಾಣಂತನಕ್ಕೆ ಕೊರಟಗೆರೆಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಡಾಕ್ಟರು ಬಂದರು. ಆಕೆಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿ, ಪಾದರಸ ಏರಿದ್ದನ್ನು ನೋಡಿ ತುಟಿ ಕಚ್ಚಿಕೊಂಡರು.

"ಮೊದಲಿಂದ ತಲೆನೋವಿತ್ತಾ?"

"ತಿಂಗಳುಗಟ್ಟಲೆಯಿಂದ ಇತ್ತು. ಬಟ್ಟೆ ಬಿಗಿದು ಕಟ್ಕೊಂಡು ಕೂತಿರೋರು. ಮೂಗಲ್ಲಿ ರಕ್ತ ಬಂದಾಗ ಉಷ್ಣ ಅಂತ ಹೇಳಿ ಚೊಂಬುಗಟ್ಟಲೆ ಮಜ್ಜಿಗೆ ಕುಡಿಯೋರು. ಕೈತುಂಬ ಉಪ್ಪು ಹಾಕ್ಕೊಂಡು."

"ಹೊಗೆಸೊಪ್ಪು?"

"ಅದಿಲ್ಲದೆ ಅವರಿಗೆ ಬೆಳಗೇ ಆಗ್ತಿರಲಿಲ್ಲ."

"ಉಷ್ಣ ಅಲ್ಲಮ್ಮ ಅದು, ರಕ್ತದ ಒತ್ತಡ. ಎಷ್ಟು ವರ್ಷದಿಂದ ಏರಿಕೊಂಡೇ ಇತ್ತೋ. ಉಪ್ಪು, ಹೊಗೆಸೊಪ್ಪು ಎರಡೂ ಸೇರಿ ಅದನ್ನ ಇನ್ನಷ್ಟು ಏರಿಸಿವೆ. ವಯಸ್ಸಾದ ಮೇಲೆ ತಲೆಯೊಳಗಿನ ಸಣ್ಣ ನಾಳಗಳು ಹಳೇ ರಬ್ಬರ್ ಕೊಳವೆ ಥರ ಆಗಿರ್ತವೆ. ಮಿದುಳಿನ ಬಲಭಾಗದಲ್ಲಿ ಒಂದು ಒಡೆದು ರಕ್ತ ಸುರಿದಿದೆ. ಬಲಗಡೆ ಕೆಟ್ಟರೆ ಮೈಯ ಎಡಭಾಗ ಬಿದ್ದುಹೋಗುತ್ತೆ."

"ತುಮಕೂರಿಗೆ ಒಯ್ಯಬಹುದಾ?"

"ದಾರೀಲೇ ಹೋಗಿಬಿಡ್ತಾರೆ. ಅಲ್ಲಾಡಿಸಬೇಡಿ. ತಲೆ ಸ್ವಲ್ಪ ಎತ್ತರಕ್ಕಿರಲಿ. ಸದ್ದು ಬೇಡ, ಬೆಳಕು ಬೇಡ, ಬಾಯಿಗೆ ನೀರೂ ಹಾಕಬೇಡಿ. ಮಗ ಬರೋವರೆಗೆ ಇದ್ದರೆ ಪುಣ್ಯ."

ಆಮೇಲೆ ಹಕೀಮರು ಬಂದರು. ಲಕ್ವಾ ಹೊಡೆದವರನ್ನು ಗಾಳಿ ಬೆಳಕು ಸೋಕದ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕೆಂದರು. ತಿಕ್ಕಿ ಹೊಳೆಸಿದ ಹಿತ್ತಾಳೆ ತಟ್ಟೆಯೊಂದನ್ನು ಹಾಸಿಗೆಯ ಕಾಲ್ದೆಸೆಯ ಗೋಡೆಗೆ ತೂಗುಹಾಕಿದರು. ಸೊಟ್ಟ ಮುಖವನ್ನು ರೋಗಿ ಅದರಲ್ಲಿ ನೋಡಿಕೊಳ್ಳುತ್ತಿದ್ದರೆ ನೇರವಾಗುತ್ತದಂತೆ. ಕತ್ತಲೆಯಲ್ಲಿ ನೋಡುವುದು ಹೇಗೆ ಎಂದು ನಾನು ಕೇಳಲಿಲ್ಲ. ಡಾಕ್ಟರೂ ಹಕೀಮರೂ ಒಂದು ವಿಷಯದಲ್ಲಾದರೂ ಒಪ್ಪಿದರಲ್ಲ, ಅಷ್ಟೇ ಸಾಕಾಗಿತ್ತು.

ಬಳೆ ಇಡುವ ಒಳಕೋಣೆಗೆ ಕಿಟಕಿ ಇರಲಿಲ್ಲ. ಅಲ್ಲೇ ಮಲಗಿಸಿದೆವು. ಎಣ್ಣೆ, ಬೆಳ್ಳುಳ್ಳಿ, ಲೋಬಾನದ ಹೊಗೆ, ಹೊಗೆಸೊಪ್ಪು... ಎಲ್ಲ ವಾಸನೆ ಒಟ್ಟಿಗೆ ಮೂಗಿಗೆ ಹೊಡೆಯುತ್ತಿತ್ತು. ಮನೆಯಲ್ಲಿದ್ದ ಮಲಾರ ಗೂಟದಲ್ಲಿ ನೇತಾಡುತ್ತಿತ್ತು.

ಸಂಜೆಯ ಹೊತ್ತಿಗೆ ಬೂಬಮ್ಮನಿಗೆ ಮಾತು ಬಂತು. ತೊದಲು, ಆದರೆ ಅರ್ಥವಾಗುತ್ತಿತ್ತು. ಸುತ್ತ ಕೂತಿದ್ದ ಹೆಂಗಸರಿಗೆಲ್ಲ ಹಗುರವಾಯಿತು. ಅಷ್ಟರಲ್ಲಿ ಆಕೆ ಬಲಗೈಯಿಂದ ತನ್ನ ಎಡಗೈಯನ್ನು ಮುಟ್ಟಿ ನೋಡಿ, ಪಿಸುಗುಟ್ಟಿದಳು.

"ಇದು ಯಾರ್ದು ಕೈ?"

"ನಿಮ್ಮದೇ, ಬೂಬಮ್ಮ" ಎಂದೆ.

"ನಂದಲ್ಲ ಬೇಟಿ. ಯಾರೋ ನನ್ ಪಕ್ಕ ಮಲ್ಗವ್ರೆ. ಅವ್ರ ಕೈ ಇದು. ತಣ್ಣಗೈತೆ... ತೆಗ್ದಾಕು."

ಪಕ್ಕದ ಮನೆಯ ಜುಲೇಖಾ ಸೆರಗು ಬಾಯಿಗೆ ಒತ್ತಿಕೊಂಡು ಎದ್ದಳು. "ಹವಾ ತಗುಲೈತೆ ಮೇಷ್ಟ್ರಮ್ಮ, ದೆವ್ವದ ಗಾಳಿ. ಅಡಿಗೆ ಮುಗ್ಸಿ ಬತ್ತೀನಿ" ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಆ ರಾತ್ರಿ ಯಾರ ಮನೆಯ ಅಡಿಗೆಯೂ ಮುಗಿಯಲಿಲ್ಲ.

ಕೊನೆಯವಳು ಏಳುವ ಮೊದಲು ನಾನು ಹೋಗಿ ಡಾಕ್ಟರನ್ನು ಕೇಳಿಬಂದೆ. "ಮಿದುಳಿನ ಆ ಭಾಗ ಕೆಟ್ಟಾಗ ಹೀಗೂ ಆಗುತ್ತಮ್ಮ. ಎಡಗೈ ತನ್ನದು ಅನ್ನೋದೇ ಮರೆತುಹೋಗುತ್ತೆ. ಹೆದರಬೇಡಿ" ಎಂದರು. ನಾನು ಹೆದರಿರಲಿಲ್ಲ. ಇವತ್ತು ಯೋಚಿಸಿದರೆ ಅದೇ ವಿಚಿತ್ರ. ಆ ಕತ್ತಲೆಯಲ್ಲಿ ಒಬ್ಬಳೇ ಕೂತಾಗ ನನಗೆ ಭಯವೂ ಇರಲಿಲ್ಲ, ಅಯ್ಯೋ ಪಾಪ ಎನ್ನಿಸುತ್ತಲೂ ಇರಲಿಲ್ಲ. ಬಾಷಾ ಬರುವ ತನಕ ಈಕೆ ಉಸಿರಾಡಬೇಕು ಎಂಬ ಒಂದೇ ಲೆಕ್ಕ ತಲೆಯಲ್ಲಿತ್ತು.

ಲಾಟೀನನ್ನು ಬಾಗಿಲ ಹೊರಗೆ ಸಣ್ಣಗೆ ಮಾಡಿಟ್ಟಿದ್ದೆ. ಬಾಗಿಲ ಸಂದಿಯಿಂದ ಒಂದು ಗೆರೆ ಬೆಳಕು ಬಂದು ಹಿತ್ತಾಳೆ ತಟ್ಟೆಯ ಮೇಲೆ ಮಾತ್ರ ಬೀಳುತ್ತಿತ್ತು. ನಾನು ಆಕೆಯ ಎಡಮಗ್ಗುಲಲ್ಲಿ ಚಾಪೆಯ ಮೇಲೆ ಕೂತಿದ್ದೆ. ಆಕೆ ಬಲಗೈಯಿಂದ ತಲೆಯ ಬಟ್ಟೆಯನ್ನು ಕಿತ್ತುಕೊಳ್ಳುತ್ತಲೇ ಇದ್ದಳು. ಕೊನೆಗೆ ನಾನು ಬಾಗಿ ಆ ಬಲಗೈಯನ್ನು ನನ್ನ ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು, ಆಕೆಯ ಎದೆಯ ಮೇಲಿಟ್ಟುಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ. ಆ ಕೈಯನ್ನು ನಾನು ಬೆಳಗಿನ ತನಕ ಬಿಡಲಿಲ್ಲ.

ಊರಿನ ಸದ್ದು ಅಡಗಿತು. ನಾಯಿಗಳೂ ಸುಮ್ಮನಾದವು.

"ಬೇಟಿ... ಒಂದ್ ಕೈ ಬಾಕಿ ಐತೆ."

"ಬಾಷಾ ಬಂದು ಮುಗಿಸ್ತಾನೆ. ನೀವು ಮಲಗಿ."

"ಅವ್ನು ಬರೋಗಂಟ ನಾನಿರಾಕಿಲ್ಲ. ಆ ಹುಡ್ಗಿ ಕೈ ಬೋಳಾಗಿ ಮಲ್ಗವ್ಳೆ. ನಂಗೆ ಕಾಣ್ತೈತೆ. ಎಡಗೈ ಕೊಡು..."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು. ಮತ್ತೆ... ಮತ್ತೆ... ಕೇಳಿ ಕೇಳಿ ಸಾಕಾಯಿತು. ಸಮಾಧಾನವಾಗಲಿ ಎಂದು ನನ್ನ ಎಡಗೈಯನ್ನು ಆಕೆಯ ಎಡ ಅಂಗೈಯಲ್ಲಿ ಇಟ್ಟೆ. ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಎತ್ತಿದರೆ ದೊಪ್ಪೆಂದು ಬೀಳುವ ಕೈ. ಡಾಕ್ಟರು ಸೂಜಿ ಚುಚ್ಚಿದರೂ ಅಲುಗಿರಲಿಲ್ಲ.

ಬೂಬಮ್ಮನ ಗೊಣಗಾಟ ನಿಂತಿತು. ಉಸಿರು ಗೊರಗೊರ ಎನ್ನತೊಡಗಿತು.

ಎಷ್ಟು ಹೊತ್ತಾಯಿತೋ. ನನ್ನ ಕೈ ಜೋಮು ಹಿಡಿದಿತ್ತು. ಭುಜದ ತನಕ ಏನೂ ತಿಳಿಯುತ್ತಿರಲಿಲ್ಲ. ಇದು ನನ್ನ ಕೈಯೇ ಹೌದೋ ಅಲ್ಲವೋ ಎಂಬ ಯೋಚನೆ ಬಂದು ಹೋಯಿತು.

ಆಗ ಗೂಟದ ಮೇಲಿನ ಮಲಾರ ಕಿಣಿಕಿಣಿ ಎಂದಿತು.

ಕಿಟಕಿ ಇಲ್ಲ, ಗಾಳಿ ಇಲ್ಲ. ಇಲಿ ಇರಬೇಕು ಎಂದುಕೊಂಡೆ.

ಇನ್ನೊಮ್ಮೆ ಕಿಣಿ... ಆಮೇಲೆ ಒಂದು ಬೆರಳು ನನ್ನ ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಮಡಚಿತು.

ಆ ಸತ್ತ ಕೈ ನನ್ನ ಗೆಣ್ಣುಗಳನ್ನು ಒಂದೊಂದಾಗಿ ಹಿಸುಕುತ್ತಿತ್ತು. ಅವಸರವಿಲ್ಲ. ನೋಯಿಸುವ ಹಿಸುಕಲ್ಲ, ಕಸುಬಿನ ಹಿಸುಕು. ಮದುವೆಯ ಹಿಂದಿನ ದಿನ ಮಧುಗಿರಿಯಲ್ಲಿ ನನ್ನ ಕೈಯನ್ನು ಬಳೆಗಾರರು ಹೀಗೇ ಹಿಸುಕಿದ್ದರು... ಜೋಮು ಹಿಡಿದ ಕೈಯಲ್ಲಿ ಅದೊಂದು ಮಾತ್ರ ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು.

ಆಕೆಯ ಬಲಗೈ ನನ್ನ ಬಲಗೈಯ ಹಿಡಿತದಲ್ಲೇ ಇತ್ತು, ಅಲುಗದೆ. ಕೋಣೆಯಲ್ಲಿ ಮೂರನೆಯವರು ಇರಲಿಲ್ಲ.

ಆದರೂ ತಣ್ಣನೆಯ ಗಾಜೊಂದು ನನ್ನ ಗೆಣ್ಣಿಗೆ ತಾಗಿತು. ಒಂದು ಕ್ಷಣ ಬಿಗಿಯಾಯಿತು, ಜಾರಿ ಮಣಿಕಟ್ಟಿಗೆ ಬಂದು ಕೂತಿತು. ಅದರ ಹಿಂದೆ ಇನ್ನೊಂದು. ಒಂದಕ್ಕೊಂದು ತಾಗಿ ಸಣ್ಣ ಸದ್ದು. ಮತ್ತೊಂದು...

ಕೈ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಯಾಕೆಂದು ಕೇಳಿದರೆ ನಿಜ ಹೇಳುತ್ತೇನೆ, ಹಿತವಾಗಿತ್ತು. ಗಂಡ ಸತ್ತ ಮೇಲೆ ನನಗೆ ಮೊದಲ ಸಲ ಏನೋ ಅನ್ನಿಸಿದ್ದು ಆಗಲೇ. ಕಣ್ಣಲ್ಲಿ ನೀರು ಬಂದದ್ದೂ ಆಗಲೇ.

ಗೋಡೆಯ ತಟ್ಟೆಯತ್ತ ನೋಡಿದೆ. ಆ ಗೆರೆ ಬೆಳಕಿನಲ್ಲಿ, ಮಸುಕು ಹಿತ್ತಾಳೆಯೊಳಗೆ, ಒಂದು ಕೈ ಕಂಡಿತು. ಮೊಣಕೈ ತನಕ ಕತ್ತಲು, ಮಣಿಕಟ್ಟಿನಲ್ಲಿ ಹಸಿರು.

"ಮುಗೀತು" ಎಂದಳು ಬೂಬಮ್ಮ. ತೊದಲಿಲ್ಲದೆ, ಜಗಲಿಯಲ್ಲಿ ಕೂತು ಹೇಳುತ್ತಿದ್ದ ಅದೇ ದನಿಯಲ್ಲಿ. "ಕಣ್ಗೊತ್ಕೋ ಬೇಟಿ."

ಬಳೆ ತೊಟ್ಟ ಹೆಂಗಸರು ಕೈಯನ್ನು ಕಣ್ಣಿಗೊತ್ತಿಕೊಳ್ಳುವುದು ರೂಢಿ. ನಾನು ಎಡಗೈ ಎತ್ತಿ ಕಣ್ಣಿಗೆ ಒತ್ತಿಕೊಂಡೆ. ರೆಪ್ಪೆಗೆ ಗಾಜು ತಣ್ಣಗೆ ತಾಗಿತು. ಇಷ್ಟನ್ನು ಯಾರು ಬೇಕಾದರೂ ಆಣೆ ಮಾಡಿಸಿ ಕೇಳಲಿ, ಇದನ್ನೇ ಹೇಳುತ್ತೇನೆ.

ಅಜಾನ್ ಕೂಗುವುದಕ್ಕೆ ಮೊದಲೇ ಗೊರಗೊರ ಸದ್ದು ನಿಂತಿತು. ನಾನು ಆಗ ಆಕೆಯ ಬಲಗೈ ಬಿಟ್ಟೆ. ಲಾಟೀನು ಒಳಗೆ ತಂದು ಮೊದಲು ನೋಡಿದ್ದು ಬೂಬಮ್ಮನ ಮುಖವನ್ನಲ್ಲ, ನನ್ನ ಎಡಗೈಯನ್ನು.

ಬೋಳಾಗಿತ್ತು. ಗೆಣ್ಣುಗಳು ಮಾತ್ರ ಕೆಂಪಾಗಿದ್ದವು.

ಬಾಷಾ ಮಧುಗಿರಿಯ ಮೇಲೆ ಬರುವ ಮೊದಲ ಬಸ್ಸಿಗೆ ಬಂದ. ತಾಯಿಯ ಕಾಲ ಹತ್ತಿರ ಕೂತು ಅತ್ತ. ಆ ದಿನವೇ ಮಣ್ಣು ಮಾಡಿದರು. ಮೂರನೆಯ ದಿನದ ಫಾತಿಹಾ ಮುಗಿದ ಮೇಲೆ ಅವನು ಗೂಟದಿಂದ ಮಲಾರ ಇಳಿಸಿಕೊಂಡ. ಅದರಲ್ಲಿ ಏನನ್ನೋ ಹುಡುಕಿ, ಹಸಿರು ಬಳೆಗಳನ್ನು ಎರಡು ಸಲ ಎಣಿಸಿದ.

"ಅಮ್ಮಿ ಬಾಕಿ ಬುಟ್ಟೋದ ಕೆಲ್ಸ. ಮುಗ್ಸಿ ಬತ್ತೀನಿ" ಎಂದು ಕಳ್ಳಂಬೆಳ್ಳಕ್ಕೆ ಹೊರಟ.

ಹೊತ್ತು ಇಳಿಯುವಾಗ ವಾಪಸು ಬಂದ. ಜಗಲಿಯ ಮೇಲೆ ಮಲಾರ ಇಟ್ಟು, ನೀರು ಕೇಳಿ ಕುಡಿದ. ನನ್ನ ಮುಖ ನೋಡಲಿಲ್ಲ.

"ತೊಡಿಸಿದೆಯಾ?" ಎಂದೆ.

"ಇಲ್ಲ ಮೇಷ್ಟ್ರಮ್ಮ. ಆ ಹುಡ್ಗಿ ಎಡಗೈ ತುಂಬ ಬಳೆ ಐತೆ. ಅಮ್ಮಿ ಹೋದ ದಿನ ಬೆಳಿಗ್ಗೆ ಎದ್ದು ನೋಡ್ಕಂಡ್ರೆ ಇದ್ವಂತೆ. ಮನೆಯೋರು ಯಾರೂ ತೊಡಿಸ್ಲಿಲ್ಲ ಅಂತ ಮಗೀನ್ ಮೇಲೆ ಆಣೆ ಇಡ್ತಾರೆ."

"ಬೇರೆ ಯಾರಾದರೂ ಬಳೆಗಾರರು..."

"ಯಾರ್ ಮುಟ್ತಾರೆ ಹೇಳಿ. ನಮ್ ಮಾಲೇ ಅದು. ಈ ಮಲಾರದಾಗೆ ಹಸಿರು ಒಂದ್ ಕೈಯಷ್ಟು ಕಮ್ಮಿ ಐತೆ, ನಾನು ಹೋಗೋಕ್ ಮುಂಚೇನೇ ನೋಡ್ದೆ."

ಅವನು ಮಲಾರವನ್ನು ಗೋಡೆಯ ಕಡೆಗೆ ಸರಿಸಿದ. ಆಮೇಲೆ ದನಿ ತಗ್ಗಿಸಿದ.

"ಒಂದೇ ಮಾತು ಅರ್ಥ ಆಗ್ತಿಲ್ಲ. ಆ ಹುಡ್ಗೀದು ಕೂಸಿನ್ ಕೈ. ಬಲಗೈಲಿರೋವು ಅಳತೆಗೆ ಸರಿಯಾಗವೆ. ಎಡಗೈಯವು ಸಡಿಲ ಸಡಿಲ... ಕೈ ಇಳಿಬುಟ್ರೆ ಜಾರೋಯ್ತವೆ. ಅಮ್ಮಿ ಜಲಮದಾಗೆ ಅಳತೆ ತಪ್ಪಿದೋಳಲ್ಲ. ಅವು ಎರಡೂವರೆ ಮೇಷ್ಟ್ರಮ್ಮ."

ನಾನು ಸೆರಗಿನೊಳಗೆ ಕೈ ಎಳೆದುಕೊಂಡೆ. ಆ ರಾತ್ರಿಯ ವಿಷಯ ಅವನಿಗೆ ಹೇಳಲಿಲ್ಲ.

ಲಕ್ಕಮ್ಮನಿಗೆ ಸುಖವಾಗಿ ಹೆರಿಗೆಯಾಯಿತು, ಹೆಣ್ಣುಮಗು. ನಾನು ಆಮೇಲೆ ಕೊರಟಗೆರೆಗೆ ವರ್ಗವಾಗಿ ಹೋದೆ. ತಲೆನೋವು ಎಂದು ಬಟ್ಟೆ ಕಟ್ಟಿಕೊಂಡ ಮುದುಕಿಯರನ್ನು ಎಲ್ಲಿ ಕಂಡರೂ ಮಜ್ಜಿಗೆಯ ಚೊಂಬು ಕಿತ್ತಿಟ್ಟು ಡಾಕ್ಟರ ಹತ್ತಿರ ಕಳಿಸುವುದು ನನಗೆ ಚಟವಾಯಿತು. ಉಳಿದದ್ದಕ್ಕೆ ನಾನೇ ವಿವರಣೆ ಕೊಟ್ಟುಕೊಂಡಿದ್ದೇನೆ. ಬಿದ್ದುಹೋದ ಕೈ ಕೆಲವೊಮ್ಮೆ ತಾನಾಗಿ ಬಿಗಿಯುತ್ತದೆ. ಜೋಮು ಹಿಡಿದ ಕೈಗೆ ಇಲ್ಲದ್ದೂ ಇದ್ದಂತೆ ತಿಳಿಯುತ್ತದೆ. ನಿದ್ದೆಗೆಟ್ಟ ಕಣ್ಣು ಹಿತ್ತಾಳೆಯಲ್ಲಿ ಏನನ್ನಾದರೂ ಕಾಣುತ್ತದೆ. ಇವನ್ನೆಲ್ಲ ಹುಡುಗಿಯರಿಗಾದರೆ ಬೋರ್ಡಿನ ಮೇಲೆ ಬರೆದು ಒಪ್ಪಿಸಿಬಿಡುತ್ತಿದ್ದೆ. ಆದರೆ ಕಳ್ಳಂಬೆಳ್ಳದ ಆ ಹುಡುಗಿಯ ಕೈಯಲ್ಲಿ ನನ್ನ ಅಳತೆಯ ಬಳೆ ಯಾಕೆ ಬಂತು ಎಂಬುದಕ್ಕೆ ವಿವರಣೆ ಸಿಕ್ಕಿಲ್ಲ.

ಈಗ ನನಗೂ ವಯಸ್ಸಾಗಿದೆ. ಒತ್ತಡದ ಮಾತ್ರೆ ನುಂಗುತ್ತೇನೆ, ಉಪ್ಪು ಬಿಟ್ಟಿದ್ದೇನೆ. ಒಮ್ಮೊಮ್ಮೆ ನಡುರಾತ್ರಿ ಎಚ್ಚರವಾದಾಗ ಎಡಗೈ ಜೋಮು ಹಿಡಿದಿರುತ್ತದೆ. ಬೇರೆಯವರಾದರೆ ಕೂಡಲೇ ಕೊಡವಿ ಉಜ್ಜಿಕೊಳ್ಳುತ್ತಾರೆ, ಡಾಕ್ಟರೂ ಹಾಗೇ ಮಾಡಿ ಎಂದಿದ್ದಾರೆ.

ನಾನು ಕೊಡವುವುದಿಲ್ಲ. ಕತ್ತಲೆಯಲ್ಲಿ ಆ ಕೈಯನ್ನು ಹಾಗೇ ಚಾಚಿಟ್ಟು, ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡು, ಕಾಯುತ್ತೇನೆ... ನನಗೆ ಹೆದರಿಕೆಯಾಗುವುದು ಆ ಕೈಗಲ್ಲ, ನಾನು ಹೀಗೆ ಕಾಯುತ್ತೇನಲ್ಲ, ಅದಕ್ಕೇ.